ಕೋಲು ಬಿದ್ದ ಸದ್ದು

ಅಜಿಲಿಟಿ ಅಂದರೆ ನಾಯಿಗಳ ಅಡೆತಡೆ ಓಟ, ಅದರ ಮೈದಾನದಲ್ಲಿ ಒಂದು ಸದ್ದಿದೆ. ಹರ್ಡಲ್ ಮೇಲಿನ ಪ್ಲಾಸ್ಟಿಕ್ ಕೋಲು ಕೆಳಗೆ ಬೀಳುವ ಸದ್ದು. ಜೋರೇನಲ್ಲ. ಟೊಳ್ಳು ಪೈಪು ತಾನೇ, ಮೊದಲು ಕಂಬಕ್ಕೆ ತಗುಲಿ ಟಕ್ ಅನ್ನುತ್ತದೆ, ಆಮೇಲೆ ಹುಲ್ಲಿನ ಮೇಲೆ ಸ್ವಲ್ಪ ಉರುಳಿ ಸುಮ್ಮನಾಗುತ್ತದೆ. ಆದರೆ ನಾಯಿ ಜೊತೆ ಓಡುತ್ತಿರುವವರಿಗೆ ಅದು ಬೆನ್ನಿಗೆ ಯಾರೋ ಕಲ್ಲು ಹೊಡೆದ ಹಾಗೆ ಕೇಳಿಸುತ್ತದೆ. ಐದು ಫಾಲ್ಟ್. ಫಾಲ್ಟ್ ಅಂದರೆ ತಪ್ಪಿನ ಅಂಕ. ನಾಯಿಗೆ ಅದರ ಚಿಂತೆ ಇಲ್ಲ. ಅದು ಆಗಲೇ ಮುಂದಿನ ಹರ್ಡಲ್ ದಾಟಿರುತ್ತದೆ.

ನನ್ನ ಚುಕ್ಕಿ ಮೊದಲ ವರ್ಷ ಬೀಳಿಸಿದ ಕೋಲುಗಳನ್ನು ಕೂಡಿಟ್ಟಿದ್ದರೆ ಒಂದು ಚಪ್ಪರ ಹಾಕಬಹುದಿತ್ತು. "ಇವಳಿಗೆ ಕಾಲು ಮಡಚೋದೇ ಗೊತ್ತಿಲ್ಲ" ಅಂತ ನಾನು ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದೆ. ಒಂದು ದಿನ ಜೊತೆಯವರೊಬ್ಬರು ನಮ್ಮ ಓಟವನ್ನು ಫೋನಿನಲ್ಲಿ ಹಿಡಿದರು. ನಿಧಾನ ಮಾಡಿ ತೋರಿಸಿದರು. ಚುಕ್ಕಿ ಸರಿಯಾದ ಜಾಗದಿಂದಲೇ ನೆಗೆದಿದ್ದಳು. ಮುಂಗಾಲು ಚೆನ್ನಾಗಿಯೇ ಮಡಚಿದ್ದಳು. ಅವಳು ಗಾಳಿಯಲ್ಲಿದ್ದಾಗ ನಾನು ತಿರುಗಿದೆ. ನನ್ನ ಭುಜ ಹೊರಳಿದ್ದು ಕಂಡು ಅವಳ ತಲೆ ನನ್ನ ಕಡೆ ವಾಲಿತು, ಬೆನ್ನು ಸೊಟ್ಟಗಾಯಿತು, ಹಿಂಗಾಲು ಇಳಿಯಿತು. ಟಕ್.

ಅಂದರೆ ಸದ್ದು ಬಂದಿದ್ದು ಆರನೇ ಹರ್ಡಲ್‌ನಲ್ಲಿ, ತಪ್ಪು ಆಗಿದ್ದು ಅದಕ್ಕೂ ನಾಲ್ಕು ಹೆಜ್ಜೆ ಹಿಂದೆ. ಅಲ್ಲಿ ನಾನು ತಿರುಗಬೇಕಿತ್ತು. ತಿರುಗಲಿಲ್ಲ. ನೆನಪಾದಾಗ ತಿರುಗಿದೆ. ನೆಗೆದ ನಾಯಿಗೆ ಗಾಳಿಯಲ್ಲಿ ದಾರಿ ಬದಲಿಸೋಕಾಗುತ್ತಾ?

ಆ ವಿಡಿಯೊ ನೋಡಿ ಹತ್ತು ವರ್ಷದ ಹತ್ತಿರ ಆಯಿತು. ಈ ನಡುವೆ ನಾವು ನಾಲ್ಕೈದು ಜನ ಸೇರಿ ಕ್ಲಬ್ ಕಟ್ಟಿದೆವು, ಅದು ಬೆಳೆಯಿತು, ಒಂದೆರಡು ಸಲ ಮುರಿದುಬೀಳುವ ಹಾಗಾಗಿ ಉಳಿಯಿತು. ಅಷ್ಟೂ ದಿನ ಈ ಒಂದು ರೋಗ ನನ್ನನ್ನು ಬಿಟ್ಟಿಲ್ಲ. ತಡವಾಗಿ ತಿರುಗೋದು. ನಾಯಿ ವಿಷಯದಲ್ಲೂ, ಮನುಷ್ಯರ ವಿಷಯದಲ್ಲೂ.

ಗೊತ್ತಿಲ್ಲದವರಿಗೆ ಆಟದ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಮೈದಾನದಲ್ಲಿ ಹರ್ಡಲ್, ಸುರಂಗದಂತಹ ಟನಲ್, ಸಾಲಾಗಿ ನೆಟ್ಟ ಕಂಬಗಳು, ಮೇಲೆ ಕೆಳಗೆ ಆಡುವ ಸೀಸಾ ಹಲಗೆ, ಎತ್ತರದ ಹಲಗೆ ಸೇತುವೆ, ಮನೆಯ ಸೂರಿನ ಆಕಾರದ ಎ-ಫ್ರೇಮ್, ಇವನ್ನೆಲ್ಲ ಜಡ್ಜ್ ಒಂದು ಕ್ರಮದಲ್ಲಿ ಜೋಡಿಸುತ್ತಾರೆ. ಪ್ರತಿ ಸಲವೂ ಹೊಸ ಜೋಡಣೆ. ನಾಯಿ ಅದೇ ಕ್ರಮದಲ್ಲಿ, ಕೊಟ್ಟ ಸಮಯದೊಳಗೆ, ತಪ್ಪಿಲ್ಲದೆ ಮುಗಿಸಬೇಕು. ಲೀಶ್ ಇರೋ ಹಾಗಿಲ್ಲ. ನಾಯಿಯನ್ನಾಗಲಿ ಅಡೆತಡೆಗಳನ್ನಾಗಲಿ ಹ್ಯಾಂಡ್ಲರ್, ಅಂದರೆ ನಾಯಿ ಜೊತೆ ಓಡುವವರು, ಮುಟ್ಟೋ ಹಾಗಿಲ್ಲ. ಕೈಯಲ್ಲಿ ಟ್ರೀಟ್, ಆಟಿಕೆ ಏನೂ ಇರೋ ಹಾಗಿಲ್ಲ. ಕೋಲು ಬಿದ್ದರೆ ಐದು ಫಾಲ್ಟ್. ಅಡೆತಡೆ ಮುಂದೆ ನಿಂತುಬಿಟ್ಟರೆ ಅಥವಾ ಪಕ್ಕದಿಂದ ಹೋದರೆ ಅದಕ್ಕೂ ಐದು. ಮೂರನೇ ಸಲ ಹಾಗಾದರೆ ಆಟದಿಂದ ಹೊರಗೆ. ಕ್ರಮ ತಪ್ಪಿ ಬೇರೆ ಹರ್ಡಲ್ ಹಾರಿದರೂ ಹೊರಗೆ.

ಈ ಆಟ ಹುಟ್ಟಿದ್ದೇ ಖಾಲಿ ಹೊತ್ತು ತುಂಬಿಸೋದಕ್ಕೆ. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ನಾಯಿ ಪ್ರದರ್ಶನದಲ್ಲಿ ಒಂದು ಸ್ಪರ್ಧೆ ಮುಗಿದು ಇನ್ನೊಂದು ಶುರುವಾಗುವವರೆಗೆ ಜನ ಬೇಸರಪಟ್ಟುಕೊಳ್ಳಬಾರದಲ್ವಾ? ಸಮಿತಿಯಲ್ಲಿದ್ದ ಜಾನ್ ವಾರ್ಲಿ, ನಾಯಿ ತರಬೇತಿ ಗೊತ್ತಿದ್ದ ಪೀಟರ್ ಮೀನ್‌ವೆಲ್ ಅವರ ಜೊತೆ ಸೇರಿ ಕುದುರೆ ಜಿಗಿತದ ಮಾದರಿಯಲ್ಲಿ ಒಂದು ಪ್ರದರ್ಶನ ಜೋಡಿಸಿದರು. ಜನ ಹುಚ್ಚೆದ್ದು ನೋಡಿದರು. ಎರಡು ವರ್ಷದಲ್ಲಿ, 1980ರ ಹೊತ್ತಿಗೆ, ಅಲ್ಲಿನ ಕೆನಲ್ ಕ್ಲಬ್ ಅದಕ್ಕೆ ನಿಯಮ ಮಾಡಿ ಅಧಿಕೃತ ಆಟವಾಗಿಸಿತು. 1996ರಿಂದ ಎಫ್‌ಸಿಐ, ಅಂದರೆ ಕೆನಲ್ ಕ್ಲಬ್‌ಗಳ ಅಂತರರಾಷ್ಟ್ರೀಯ ಒಕ್ಕೂಟ, ವಿಶ್ವ ಚಾಂಪಿಯನ್‌ಶಿಪ್ ನಡೆಸುತ್ತಿದೆ. ಅದಕ್ಕೆ ವಂಶಾವಳಿ ಪತ್ರ ಇರುವ ನಾಯಿಯೇ ಬೇಕು. ಚುಕ್ಕಿಯ ಅಮ್ಮ ಯಾರೆಂದು ನನಗೆ ಗೊತ್ತು. ಅಪ್ಪನ ವಿಷಯ ಅಮ್ಮನಿಗೂ ಅನುಮಾನ. ಹಾಗಾಗಿ ಆ ದಾರಿ ನಮಗೆ ಮೊದಲೇ ಮುಚ್ಚಿತ್ತು, ಒಳ್ಳೇದೇ ಆಯಿತು. ಮಿಶ್ರ ತಳಿಗೂ ಜಾಗ ಕೊಡುವ ಸ್ಪರ್ಧೆ ಬೇಕಾದಷ್ಟಿವೆ.

"ಬಾರ್ಡರ್ ಕೋಲಿ ಇಲ್ಲದಿದ್ರೆ ಬರಬಹುದಾ?" ಅಂತ ಈಗಲೂ ವಾರಕ್ಕೊಬ್ಬರಾದರೂ ಕೇಳುತ್ತಾರೆ, ಈ ಆಟದಲ್ಲಿ ಹೆಚ್ಚು ಕಾಣೋದು ಕುರಿ ಕಾಯುವ ಆ ತಳಿಯೇ. ಬರಬಹುದು. ಗಿಡ್ಡ ನಾಯಿಗೆ ಗಿಡ್ಡ ಕೋಲು, ಎತ್ತರದ ನಾಯಿಗೆ ಎತ್ತರದ ಕೋಲು. ಎಫ್‌ಸಿಐ ಲೆಕ್ಕದಲ್ಲಿ ಭುಜದ ಹತ್ತಿರ 35 ಸೆಂಟಿಮೀಟರ್‌ಗಿಂತ ಕಡಿಮೆ ಇರುವ ನಾಯಿಗೆ 25ರಿಂದ 30 ಸೆಂಟಿಮೀಟರ್ ಕೋಲು, ದೊಡ್ಡವಕ್ಕೆ 55ರಿಂದ 60. ದೊಡ್ಡವರ ಗುಂಪಿನಲ್ಲಿ ಸಣ್ಣಗಿರುವ ನಾಯಿಗಳಿಗೆ ಇದು ಬಹಳ ವರ್ಷ ಅನ್ಯಾಯವಾಗಿತ್ತು. 2023ರಿಂದ 43 ಮತ್ತು 48 ಸೆಂಟಿಮೀಟರ್ ನಡುವಿನವಕ್ಕೆ ಬೇರೆ ಗುಂಪು ಮಾಡಿದ್ದಾರೆ.

ಹೊಸಬರಿಗೆ ಮೊದಲ ದಿನ ನಾನು ಒಂದು ಆಟ ಆಡಿಸುತ್ತೇನೆ. ಎಡಕ್ಕೆ ಟನಲ್, ಬಲಕ್ಕೆ ಹರ್ಡಲ್. ನಿಮ್ಮ ಪಾದ, ಭುಜ ಎರಡೂ ಹರ್ಡಲ್ ಕಡೆ ಇರಲಿ, ಬಾಯಲ್ಲಿ ಮಾತ್ರ "ಟನಲ್" ಅನ್ನಿ, ಓಡಿ. ನಾಯಿ ಹೋಗೋದು ಹರ್ಡಲ್‌ಗೆ. ಇನ್ನೊಮ್ಮೆ ಜೋರಾಗಿ ಅನ್ನಿ. ಮತ್ತೆ ಹರ್ಡಲ್‌ಗೇ. ಮೂರನೇ ಸಲ ಕೆಲವರು ಕಿರುಚುತ್ತಾರೆ. ಆಗ ನಾಯಿ ಎಲ್ಲಿಗೂ ಹೋಗದೆ ಅವರ ಮುಖ ನೋಡುತ್ತಾ ನಿಲ್ಲುತ್ತದೆ.

ನಾಯಿ ಮಾತು ಕಲಿಯಲ್ಲ ಅಂತಲ್ಲ. ಕಲಿಯುತ್ತದೆ, ಅದಕ್ಕೆ ಬೇರೆಯೇ ತಾಳ್ಮೆ ಬೇಕು. ಆದರೆ ಅದು ಹುಟ್ಟಿನಿಂದ ಓದಿಕೊಂಡು ಬಂದಿರೋದು ಮೈಯ ಚಲನೆಯನ್ನ. ನೀವು ಯಾವ ಕಡೆ ಹೊರಟಿದ್ದೀರಿ, ಎಷ್ಟು ಜೋರಾಗಿ, ಎದೆ ಯಾವ ಕಡೆ ಇದೆ, ಇದು ಅದರ ಅಕ್ಷರಮಾಲೆ. ನಮ್ಮ ಬಾಯಿ ಒಂದು, ಕಾಲು ಇನ್ನೊಂದು ಹೇಳಿದಾಗ ಅದು ಕಾಲನ್ನೇ ನಂಬುತ್ತದೆ. ನನ್ನ ಪ್ರಕಾರ ಅದು ಬುದ್ಧಿವಂತಿಕೆ.

ಅದಕ್ಕೇ ಈ ಆಟದಲ್ಲಿ ನಾವು ಕಲಿಯುವ ಬಹುಪಾಲು ಕಾಲಿನ ಕೆಲಸ. ನಾಯಿ ನಿಮ್ಮ ಎಡಗಡೆ ಇದೆ, ಮುಂದಿನ ತಿರುವಿಗೆ ಬಲಗಡೆ ಬೇಕು. ಅದರ ಮುಂದೆ ಹೋಗಿ ಅದಕ್ಕೆ ಮುಖ ಮಾಡಿ ತಿರುಗಿದರೆ ಫ್ರಂಟ್ ಕ್ರಾಸ್. ಬೆನ್ನು ಹಾಕಿ ದಾಟಿದರೆ ಬ್ಲೈಂಡ್ ಕ್ರಾಸ್. ಹಿಂದಿನಿಂದ ದಾಟಿದರೆ ರಿಯರ್ ಕ್ರಾಸ್. ಮೂರೂ ಕೇಳೋಕೆ ಸುಲಭ. ಕಷ್ಟ ಇರೋದು ಯಾವಾಗ ಅನ್ನೋದರಲ್ಲಿ. ನಾಯಿ ನೆಲ ಬಿಡುವ ಮುಂಚೆ ನಿಮ್ಮ ಸುದ್ದಿ ಅದಕ್ಕೆ ತಲುಪಿರಬೇಕು. ಅದಕ್ಕೆ ಗೊತ್ತಾದ ಕ್ಷಣವೇ ಅದು ಹೆಜ್ಜೆ ಚಿಕ್ಕದು ಮಾಡಿ, ಮೈ ಕೂಡಿಸಿ, ತಿರುಗಿಕೊಂಡೇ ನೆಗೆಯುತ್ತದೆ. ನೋಡೋಕೆ ಎಷ್ಟು ಚೆಂದ ಅಂದರೆ, ಒಳ್ಳೆ ಹ್ಯಾಂಡ್ಲರ್ ಏನೂ ಮಾಡ್ತಿಲ್ಲ, ನಾಯಿಗೇ ಎಲ್ಲ ಗೊತ್ತಿದೆ ಅನ್ನಿಸುತ್ತದೆ.

ಸ್ಪರ್ಧೆಯ ದಿನ ಓಟಕ್ಕೆ ಮುಂಚೆ ಕೆಲವು ನಿಮಿಷ ನಾಯಿ ಇಲ್ಲದೆ ಕೋರ್ಸ್ ನಡೆಯಲು ಬಿಡುತ್ತಾರೆ. ಅದೊಂದು ನೋಡಲೇಬೇಕಾದ ದೃಶ್ಯ. ಮೂವತ್ತು ಜನ ವಯಸ್ಸಿಗೆ ಬಂದವರು ಕೈ ಚಾಚಿಕೊಂಡು, ಇಲ್ಲದ ನಾಯಿ ಜೊತೆ ಮಾತಾಡುತ್ತಾ, ಗಿರ್ರನೆ ತಿರುಗುತ್ತಾ, ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಸಾರಿ ಕೇಳುತ್ತಾ ಓಡಾಡುತ್ತಿರುತ್ತಾರೆ. ದೂರದಿಂದ ನೋಡಿದವರು ಏನಂದುಕೊಳ್ಳಬೇಡ! ಆದರೆ ಆ ನಕ್ಷೆ ನಮ್ಮ ತಲೆಯಲ್ಲಷ್ಟೇ ಇರೋದು. ನಾಯಿಗೆ ಆ ಕೋರ್ಸ್ ಕಾಣೋದು ಓಡುವಾಗಲೇ. ಇಪ್ಪತ್ತು ಅಡೆತಡೆ, ಒಂದು ನಿಮಿಷಕ್ಕೂ ಕಡಿಮೆ. ನಾವು ಮರೆತರೆ ಅದಕ್ಕೆ ಕೇಳೋಕೆ ಬೇರೆ ಯಾರೂ ಇಲ್ಲ.

ಕಂಬಗಳ ಬಗ್ಗೆ ಒಂದು ಮಾತು. ಹನ್ನೆರಡು ಕಂಬ, ಎರಡು ಕಂಬಗಳ ನಡುವೆ 60 ಸೆಂಟಿಮೀಟರ್. ಮೊದಲ ಕಂಬ ನಾಯಿಯ ಎಡಭುಜಕ್ಕೆ ಬರುವ ಹಾಗೆ ಒಳಗೆ ನುಗ್ಗಿ, ಹಾವಿನ ಹಾಗೆ ಹೆಣೆದುಕೊಂಡು, ಒಂದನ್ನೂ ಬಿಡದೆ ಹೊರಗೆ ಬರಬೇಕು. ಉಳಿದದ್ದೆಲ್ಲ ನಾಯಿಗೆ ಅರ್ಥವಾಗುತ್ತದೆ. ಹಾರೋದು, ತೂರೋದು, ಹತ್ತೋದು, ಇವನ್ನು ಯಾವ ನಾಯಿಯಾದರೂ ಸುಮ್ನೆ ಮಾಡುತ್ತದೆ. ಕಂಬದ ಪಕ್ಕ ಖಾಲಿ ಜಾಗ ಬಿದ್ದಿರುವಾಗ ನಡುವೆ ಹೊಕ್ಕು ಹೊರಟು ಯಾಕೆ ಹೋಗಬೇಕು? ಅದಕ್ಕೆ ನಾವು ಕಂಬಗಳನ್ನು ಎರಡು ಸಾಲು ಮಾಡಿ ನಡುವೆ ಒಂದು ಓಣಿ ಬಿಡುತ್ತೇವೆ. ನಾಯಿ ಓಣಿಯಲ್ಲಿ ನೇರವಾಗಿ ಓಡಿ ಆ ಕೊನೆಯಲ್ಲಿ ಆಟಿಕೆ ಹಿಡಿಯುತ್ತದೆ. ಒಂದೊಂದು ವಾರ ಒಂದೊಂದು ಬೆರಳಷ್ಟು ಓಣಿ ಕಿರಿದಾಗುತ್ತದೆ. ಒಂದು ದಿನ ನಾಯಿ ಮೈ ಬಳುಕಿಸಲೇಬೇಕಾಗುತ್ತದೆ, ಅದಕ್ಕೇ ಗೊತ್ತಾಗದ ಹಾಗೆ. ಚುಕ್ಕಿಗೆ ಏಳು ತಿಂಗಳು ಹಿಡಿಯಿತು. ನಡುವೆ ಅವಸರ ಮಾಡಿ ಒಂದೇ ವಾರ ನಾಲ್ಕು ಬೆರಳು ಒಳಗೆ ತಂದಿದ್ದೆ. ಅವಳು ಓಣಿಯಿಂದ ಪಕ್ಕಕ್ಕೆ ಹಾರಿ ಹೋದಳು. ಮತ್ತೆ ಮೊದಲಿಂದ.

ಸೀಸಾ ಇನ್ನೂ ಸೂಕ್ಷ್ಮ. ಅಲ್ಲಿ ಎರಡು ಹೆದರಿಕೆ ಒಟ್ಟಿಗೆ ಬರುತ್ತವೆ. ಕಾಲಡಿಯ ನೆಲ ಅಲುಗೋದು ಒಂದು, ಹಲಗೆ ನೆಲಕ್ಕೆ ಬಡಿಯುವ ಸದ್ದು ಇನ್ನೊಂದು. ಎರಡನ್ನೂ ಬೇರೆ ಬೇರೆ ಕಲಿಸಬೇಕು. ಮೊದಲು ಹಲಗೆ ತುದಿಯ ಕೆಳಗೆ ಮೆತ್ತೆ ಇಟ್ಟು ಬೆರಳೆರಡಷ್ಟೇ ಇಳಿಯುವ ಹಾಗೆ ಮಾಡಿ, ನಾಯಿಯೇ ಮುಂಗಾಲಲ್ಲಿ ತಟ್ಟಿ ಸದ್ದು ಮಾಡಲಿ. ಸದ್ದು ಮಾಡಿದ್ದು ತಾನೇ ಅಂತ ಗೊತ್ತಾದರೆ ಅದಕ್ಕೆ ಹೆದರಿಕೆ ಇಲ್ಲ, ಜಂಬ! ನಮ್ಮಲ್ಲಿ ಒಂದು ಪುಕ್ಕಲು ನಾಯಿ ಇತ್ತು. ಈಗ ಅದು ಕ್ಲಾಸ್ ಮುಗಿದ ಮೇಲೂ ಹೋಗಿ ಸೀಸಾ ಬಡಿದು ಬರುತ್ತದೆ, ನಾವೆಲ್ಲ ತಿರುಗಿ ನೋಡಲಿ ಅಂತ.

ಹಲಗೆಗಳ ತುದಿಗೆ ಹಳದಿ ಬಣ್ಣ ಬಳಿದಿರುತ್ತಾರೆ. ನಾಯಿಯ ಒಂದಾದರೂ ಪಾದ ಆ ಹಳದಿ ಮೇಲೆ ಬೀಳಬೇಕು. ಮೇಲಿಂದಲೇ ನೆಗೆದು ಭುಜ ಮುರಿದುಕೊಳ್ಳಬಾರದು ಅನ್ನೋದಕ್ಕೆ ಈ ನಿಯಮ. ಹಳದಿ, ನೀಲಿ ನಾಯಿಗೆ ಚೆನ್ನಾಗಿ ಕಾಣುತ್ತವೆ. ಕೆಂಪು, ಹಸಿರು ಬೇರೆ ಬೇರೆ ಅಂತ ಅದಕ್ಕೆ ತಿಳಿಯೋದು ಕಷ್ಟ. ಇದು ಗೊತ್ತಿಲ್ಲದೆ ನಾವು ಮೊದಲ ಹಲಗೆಗೆ ಕೆಂಪು ಬಳಿದಿದ್ದೆವು. ಹುಲ್ಲಿನ ಮೇಲೆ ನಮ್ಮ ಕಣ್ಣಿಗೆ ಎಷ್ಟು ಎದ್ದು ಕಾಣುತ್ತಿತ್ತು ಅಂದರೆ, ನಾಯಿಗಳು ಯಾಕೆ ಬೇಕುಬೇಕಂತಲೇ ತಪ್ಪಿಸುತ್ತವೆ ಅಂತ ಸಿಟ್ಟು ಬರುತ್ತಿತ್ತು.

ಕ್ಲಬ್ ಶುರುವಾದಾಗ ನಮ್ಮ ಹತ್ತಿರ ಇದ್ದದ್ದು ಮೂರು ಹರ್ಡಲ್. ಪೈಪು ಕೊಯ್ದು ನಾವೇ ಮಾಡಿದ್ದು. ಮೊದಲನೆಯದಕ್ಕೆ ಕೋಲನ್ನು ಸ್ಕ್ರೂ ಹಾಕಿ ಬಿಗಿದಿದ್ದೆವು, ಗಟ್ಟಿಯಾಗಿರಲಿ ಅಂತ! ತಗುಲಿದರೆ ಬೀಳಬೇಕು ಅನ್ನೋದೇ ಆ ಕೋಲಿನ ಗುಣ, ಬೀಳದಿದ್ದರೆ ನಾಯಿ ಬೀಳುತ್ತದೆ ಅಂತ ಅನುಭವಸ್ಥರೊಬ್ಬರು ಬಂದು ಬೈದು ತೆಗೆಸಿದರು. ಸಾಮಾನಿನ ವಿಷಯದಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳೂ ಹೀಗೆ ತಡವಾಗಿ ಕಲಿತಿವೆ. ಮುಂಚೆ ಬಟ್ಟೆಯ ಟನಲ್ ಅಂತ ಒಂದಿತ್ತು. ಬಾಯಿ ಮಾತ್ರ ಗಟ್ಟಿ, ಉಳಿದದ್ದು ನೆಲಕ್ಕೆ ಬಿದ್ದ ಬಟ್ಟೆ, ನಾಯಿ ಅದನ್ನು ತಳ್ಳಿಕೊಂಡು ಬರಬೇಕು. ಬಟ್ಟೆಗೆ ಸಿಕ್ಕಿಹಾಕಿಕೊಂಡು ನಾಯಿಗಳು ಪೆಟ್ಟು ತಿನ್ನುತ್ತಿದ್ದವು. 2016ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಅದನ್ನು ಆಟದಿಂದ ತೆಗೆಯಿತು. ಆಮೇಲೆ ಎಫ್‌ಸಿಐ ಕೂಡ ಕೈಬಿಟ್ಟಿತು.

ಕೈಯಲ್ಲಿ ಪೆನ್ನಿತ್ತು ಅನ್ನುವ ಒಂದೇ ಕಾರಣಕ್ಕೆ ನಾನು ಕಾರ್ಯದರ್ಶಿಯಾದೆ. ಪೆನ್ನು ಇನ್ನೂ ನನ್ನ ಹತ್ತಿರವೇ ಇದೆ.

ಕ್ಲಬ್ ನಡೆಸೋದು ಅಂದರೆ ನಾಯಿ ಓಡಿಸೋದು ಅಂದುಕೊಂಡಿದ್ದೆ. ಅದು ಸಾಮಾನು ಹೊರೋದು. ಮಳೆಗೆ ನೆನೆದ ಟನಲ್ ಎತ್ತಿದವರಿಗೆ ಗೊತ್ತು ಅದರ ತೂಕ. ಗಾಳಿಗೆ ಹಾರದ ಹಾಗೆ ಅದರ ಎರಡೂ ಬದಿಗೆ ಮರಳು ಚೀಲ ಇಡಬೇಕು, ಆ ಚೀಲಗಳನ್ನೂ ಹೊರಬೇಕು. ಹಲಗೆ ಸೇತುವೆಗೆ ಮೂರು ಹಲಗೆ, ಒಂದೊಂದಕ್ಕೂ ಇಬ್ಬರು ಬೇಕು. ಎಲ್ಲ ಜೋಡಿಸಲು ಒಂದು ಗಂಟೆ, ತೆಗೆದಿಡಲು ಮುಕ್ಕಾಲು ಗಂಟೆ. ಈ ಎರಡರ ನಡುವೆ ಒಂದು ನಾಯಿ ನಿಜಕ್ಕೂ ಓಡೋದು ಎಲ್ಲ ಸೇರಿ ನಾಲ್ಕೈದು ನಿಮಿಷ ಇರಬಹುದು.

ಮೊದಲ ವರ್ಷಗಳಲ್ಲಿ ಒಬ್ಬ ಹಿರಿಯರು ಬರುತ್ತಿದ್ದರು. ನಿವೃತ್ತರು. ಅವರ ನಾಯಿ ದಪ್ಪಗಿತ್ತು, ಸೋಮಾರಿ, ಮೂರು ಹರ್ಡಲ್ ಆದ ಮೇಲೆ ಮಲಗಿಬಿಡುತ್ತಿತ್ತು. ಅವರಿಗೆ ಅದೇನೂ ಬೇಸರವಿರಲಿಲ್ಲ. ನಾವು ಮೈದಾನಕ್ಕೆ ಬರುವ ಹೊತ್ತಿಗೆ ಕೋರ್ಸ್ ಜೋಡಿಸಿಯೇ ಇರುತ್ತಿತ್ತು. ಯಾರು ಜೋಡಿಸಿದರು ಅಂತ ನಾವು ಕೇಳಲೇ ಇಲ್ಲ. ಬೆಳಕಾಗೋದನ್ನ ಯಾರಾದರೂ ಕೇಳುತ್ತಾರಾ? ಅವರ ಹತ್ತಿರ 60 ಸೆಂಟಿಮೀಟರ್ ಗುರುತು ಹಾಕಿದ ಒಂದು ಕಡ್ಡಿ ಇತ್ತು. ಪ್ರತಿ ಸಲವೂ ಕಂಬಗಳ ಅಂತರ ಅಳೆಯುತ್ತಿದ್ದರಂತೆ. ಸೀಸಾದ ಬೋಲ್ಟು ತಿರುಗಿಸಿ ನೋಡುತ್ತಿದ್ದರಂತೆ. ಇದೆಲ್ಲ ಗೊತ್ತಾಗಿದ್ದು ಅವರು ಬರೋದು ನಿಲ್ಲಿಸಿದ ಮೇಲೆ.

ಅಷ್ಟರಲ್ಲಿ ಕ್ಲಬ್ಬಿಗೆ ಮೂವತ್ತು ಜನ ಆಗಿದ್ದರು. ಸರಿಯಾಗಿ ತಮ್ಮ ಓಟದ ಹೊತ್ತಿಗೆ ಬರೋದು, ಓಡಿದ ಮೇಲೆ ನಾಯಿಗೆ ನೀರು ಕುಡಿಸಿ ಹೊರಡೋದು. ನಾನು ಗುಂಪಿಗೆ ಮೆಸೇಜ್ ಹಾಕುತ್ತಿದ್ದೆ. "ದಯವಿಟ್ಟು ಅರ್ಧ ಗಂಟೆ ಮುಂಚೆ ಬಂದು ಸಹಾಯ ಮಾಡಿ." ಎಲ್ಲರೂ ಹೆಬ್ಬೆಟ್ಟು ಒತ್ತುತ್ತಿದ್ದರು. ಯಾರೂ ಬರುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಅರ್ಧ ಗಂಟೆ ಮುಂಚೆ ಹೋಗುತ್ತಿರಲಿಲ್ಲ. ಹೋದಾಗ ಕೆಲಸ ಮುಗಿದಿರುತ್ತಿತ್ತಲ್ಲ.

ಮೂರು ವಾರ ಕಾಣದಿದ್ದಾಗ ಅವರ ಮನೆಗೆ ಹೋದೆ. ಬೆನ್ನು ನೋವು ಅಂದರು. ಕ್ಲಬ್ಬಿನವರಿಗೆಲ್ಲ ಹೇಳಿ ಇನ್ನು ಮೇಲೆ ಸಹಾಯ ಮಾಡಿಸ್ತೀನಿ ಸರ್ ಅಂದೆ. ಅವರು ಸ್ವಲ್ಪ ಹೊತ್ತು ನಾಯಿಯ ತಲೆ ಸವರಿದರು.

"ಬೆನ್ನು ನೋಯ್ತಿರೋದು ನಿಜ ಕಣಮ್ಮ. ಆದ್ರೆ ಅದು ಎರಡು ವರ್ಷದಿಂದ ನೋಯ್ತಿದೆ."

ಬೈದಿದ್ದರೆ ಏನಾದರೂ ಉತ್ತರ ಕೊಡಬಹುದಿತ್ತು. ಅವರು ವಾಪಸ್ ಬರಲಿಲ್ಲ. ಆ ಕಡ್ಡಿಯನ್ನು ನನ್ನ ಕೈಗೆ ಕೊಟ್ಟು ಕಳಿಸಿದರು.

ಮುಂದಿನ ವಾರ ನಾನು ಮೆಸೇಜ್ ಹಾಕಲಿಲ್ಲ. ಬೇಗ ಹೋಗಿ ಶೆಡ್ಡಿನ ಬಾಗಿಲು ತೆಗೆದು ಒಂದು ಹಲಗೆಯ ಒಂದು ತುದಿ ಎತ್ತಿಕೊಂಡು ನಿಂತೆ. ಇನ್ನೊಂದು ತುದಿ ಯಾರಾದರೂ ಹಿಡಿಯುವವರೆಗೆ ಅಲ್ಲೇ ನಿಂತೆ. ಸ್ವಲ್ಪ ನಾಟಕೀಯ ಅನ್ನಿ, ಕೈ ಬೇರೆ ನೋಯುತ್ತಿತ್ತು. ಬಂದವರು ಲೀಶ್ ಹಿಡಿದು ನಿಂತು ನೋಡಿದರು. ಆಮೇಲೆ ಒಬ್ಬರು ನಾಯಿಯನ್ನು ಕಟ್ಟಿ ಬಂದು ಹಿಡಿದರು. ಆ ದಿನ ಕೋರ್ಸ್ ಎದ್ದು ನಿಲ್ಲುವಷ್ಟರಲ್ಲಿ ಅರ್ಧ ಕ್ಲಾಸು ಮುಗಿದಿತ್ತು. ಗೊಣಗಿದರು. ಇಬ್ಬರು ಕ್ಲಬ್ ಬಿಟ್ಟರು, "ನಾವು ಫೀಸ್ ಕೊಡ್ತಿರೋದು ಕೂಲಿ ಮಾಡೋಕಲ್ಲ" ಅಂದರು. ಅವರ ಮಾತಿನಲ್ಲಿ ನ್ಯಾಯ ಇಲ್ಲ ಅಂತ ನಾನು ಹೇಳಲಾರೆ, ಅಂಥವರಿಗೆ ದುಡ್ಡು ತಗೊಂಡು ಕಲಿಸುವ ಜಾಗಗಳಿವೆ. ಉಳಿದವರಿಗೆ ಹೊರೋದು ಅಭ್ಯಾಸವಾಯಿತು. ಈಗ ಕೊನೆಯ ಟನಲ್ ಶೆಡ್ಡಿಗೆ ಹೋಗುವವರೆಗೆ ಯಾರೂ ಹೊರಡುವುದಿಲ್ಲ. ಇದು ಎಲ್ಲಿಯೂ ಬರೆದಿಟ್ಟ ನಿಯಮವಲ್ಲ.

ಬರೆದಿಟ್ಟ ನಿಯಮ ಬೇರೆ ಇದೆ, ಅದು ಬಂದ ಕಥೆ ನನಗೆ ಹೇಳೋಕೆ ಇಷ್ಟವಿಲ್ಲ, ಆದರೂ ಹೇಳುತ್ತೇನೆ. ಒಂದು ಸಂಜೆ ನಾನು ಸ್ಟಾಪ್‌ವಾಚ್ ಹಿಡಿದು ಕೂತಿದ್ದೆ. ಕೋರ್ಸಿನ ಅಂಚಿನಲ್ಲಿ ಹೊಸ ಸದಸ್ಯರ ದೊಡ್ಡ ನಾಯಿ ನಿಂತಿತ್ತು. ಬಾಯಿ ಮುಚ್ಚಿತ್ತು. ಮೈ ಮರದ ಹಾಗೆ ಸೆಟೆದಿತ್ತು. ಓಡುತ್ತಿದ್ದ ಪುಟ್ಟ ನಾಯಿಯ ಮೇಲಿಂದ ಕಣ್ಣು ಅಲುಗುತ್ತಿರಲಿಲ್ಲ. ನಾನು ನೋಡಿದೆ. ಅದೇನು ಅಂತ ನನಗೆ ಗೊತ್ತಿತ್ತು. ಈ ಓಟ ಮುಗಿಯಲಿ, ಹೇಳೋಣ ಅಂದುಕೊಂಡೆ. ಪುಟ್ಟದು ಟನಲ್‌ನಿಂದ ಬಾಣದ ಹಾಗೆ ಹೊರಬಂತು, ದೊಡ್ಡದು ಲೀಶ್ ಕಿತ್ತುಕೊಂಡು ಎರಗಿತು. ಎರಡು ಸೆಕೆಂಡು. ಬಿಡಿಸಿದೆವು. ಕಿವಿ ಸ್ವಲ್ಪ ಹರಿದಿತ್ತು, ವಾಸಿಯಾಯಿತು. ಆದರೆ ಆ ಪುಟ್ಟ ನಾಯಿ ಮತ್ತೆ ಟನಲ್ ಒಳಗೆ ಹೋಗಲಿಲ್ಲ. ಅದರ ಲೆಕ್ಕದಲ್ಲಿ ಆ ಕೊನೆಯಲ್ಲಿ ಏನೋ ಕಾದಿರುತ್ತದೆ.

ಟನಲ್ಲನ್ನು ಕುಪ್ಪಸದ ತೋಳಿನ ಹಾಗೆ ಒತ್ತಿ ಒಂದು ಮೀಟರ್ ಮಾಡಿದೆವು. ಆ ಕಡೆಯಿಂದ ಅದರ ಯಜಮಾನಿ ಬಗ್ಗಿ ಮುಖ ತೋರಿಸುತ್ತಿದ್ದರು. ಒಳಗೆ ತಲೆ ಹಾಕಿದರೆ ಟ್ರೀಟ್. ಅಷ್ಟೇ, ಆ ದಿನದ ಪಾಠ ಮುಗಿಯಿತು. ಆಮೇಲೆ ಮುಂಗಾಲು. ಹೀಗೆ ನಾಲ್ಕು ತಿಂಗಳು. ಒಂದು ದಿನ ಪೂರ್ತಿ ಉದ್ದದ ಟನಲ್‌ನಲ್ಲಿ ಓಡಿ ಹೊರಬಂದಾಗ ಮೈದಾನದಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದು ಸುಮ್ಮನಿದ್ದೆವು, ಚಪ್ಪಾಳೆ ಹೊಡೆದರೆ ಹೆದರೀತು ಅಂತ. ದೊಡ್ಡ ನಾಯಿಯೂ ನಮ್ಮಲ್ಲೇ ಇದೆ. ದೂರದಲ್ಲಿ ಒಂದು ಮರೆಯ ಹಿಂದೆ ತನ್ನ ಸರದಿ ಕಾಯುತ್ತದೆ, ಒಂಟಿಯಾಗಿ ಚೆನ್ನಾಗಿ ಓಡುತ್ತದೆ. ಅದರ ತಪ್ಪೇನಿತ್ತು? ಅದು ಅರ್ಧ ನಿಮಿಷದಿಂದ ಹೇಳುತ್ತಲೇ ಇತ್ತು. ಈಗ ನಿಯಮ ಇದೆ: ಒಂದು ಸಲಕ್ಕೆ ಒಂದೇ ನಾಯಿಗೆ ಲೀಶ್ ಬಿಚ್ಚೋದು, ಕಾಯುವ ನಾಯಿಗಳಿಗೆ ಕೋರ್ಸ್ ಕಾಣಬಾರದು, ಯಾರಿಗೆ ಏನು ಕಂಡರೂ ಓಟ ನಿಲ್ಲಿಸಬಹುದು, ಕಾರಣ ಆಮೇಲೆ ಕೇಳೋಣ.

ಮರಿಗಳ ವಿಷಯದಲ್ಲಿ ಮಾತ್ರ ನಾನು ಮೊದಲಿಂದಲೂ ಗಟ್ಟಿ. ಎಂಟು ತಿಂಗಳ ಮರಿ ತಂದು ಪೂರ್ತಿ ಎತ್ತರ ಹಾರಿಸಿ ಅಂತ ಒತ್ತಾಯ ಮಾಡುವವರಿದ್ದಾರೆ. ಬೆಳೆಯುವ ಮೂಳೆಯ ತುದಿ ಇನ್ನೂ ಮೆತ್ತಗಿರುತ್ತದೆ, ದೊಡ್ಡ ತಳಿಗಳಲ್ಲಿ ಅದು ಕೂಡಿಕೊಳ್ಳೋಕೆ ಒಂದು ವರ್ಷ ದಾಟುತ್ತದೆ. ಎಫ್‌ಸಿಐ ಸ್ಪರ್ಧೆಗೆ ನಾಯಿಗೆ 18 ತಿಂಗಳು ತುಂಬಿರಬೇಕು. ಅಲ್ಲಿಯವರೆಗೆ ಕೋಲು ನೆಲದ ಮೇಲೆ. ತಿರುವು ಕಲಿಯಲಿ, ಹಿಂಗಾಲು ಎಲ್ಲಿದೆ ಅಂತ ತಿಳಿಯಲಿ, ಕಾಯೋದು ಕಲಿಯಲಿ. ಇದರಲ್ಲಿ ಯಾರ ಜೊತೆಗೂ ರಾಜಿ ಇಲ್ಲ ಅಂತ ಕಮಿಟಿಯಲ್ಲಿ ಮೇಜು ಕುಟ್ಟಿ ಹೇಳಿದ್ದೇನೆ. ಮರಿ ಮೂಳೆಯ ಬಗ್ಗೆ ಇಷ್ಟು ತಿಳಿದವಳಿಗೆ ಮುದಿ ಮೂಳೆ ಕಾಣಲಿಲ್ಲ ನೋಡಿ.

ಚುಕ್ಕಿಗೆ ಒಂಬತ್ತು ವರ್ಷ ಆದಾಗ ಮತ್ತೆ ಕೋಲುಗಳು ಬೀಳತೊಡಗಿದವು. ನಾನು ಮೊದಲು ನನ್ನನ್ನೇ ಅನುಮಾನಿಸಿದೆ, ಅಷ್ಟು ಕಲಿತಿದ್ದೆನಲ್ಲ. ನನ್ನ ತಿರುವುಗಳನ್ನು ವಿಡಿಯೊ ಮಾಡಿಸಿ ನೋಡಿದೆ. ಸರಿಯಾಗಿದ್ದವು. ಹಾಗಾದರೆ ಅವಳ ಗಮನ ಕಡಿಮೆಯಾಗಿದೆ ಅಂದುಕೊಂಡೆ. ಆರು ಹರ್ಡಲ್ ಸಾಲಾಗಿ ಇಟ್ಟು ನೆಗೆತದ ಅಭ್ಯಾಸ ಜಾಸ್ತಿ ಮಾಡಿಸಿದೆ. ವಾರಕ್ಕೆ ಎರಡು ಸಲ. ಅವಳು ಒಮ್ಮೆಯೂ ಬೇಡ ಅನ್ನಲಿಲ್ಲ. ನಾನು ಶೂ ಹಾಕಿಕೊಂಡರೆ ಬಾಗಿಲ ಹತ್ತಿರ ಕುಣಿಯುತ್ತಿದ್ದಳು. ಓಡುವ ಆಸೆ ನೋವನ್ನು ಮುಚ್ಚಿಡುತ್ತದೆ. ಈ ನಾಯಿಗಳ ಕುಣಿತ ನೋಡಿ ಆರೋಗ್ಯ ಅಳೆಯೋಕಾಗಲ್ಲ.

ಕ್ಲಬ್ಬಿಗೆ ಬರುವ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳಿದ್ದಾಳೆ. ಜಾಸ್ತಿ ಮಾತಿಲ್ಲ. ಕೋಲು ಎತ್ತಿಡುವ ಕೆಲಸ ಅವಳದು, ಹರ್ಡಲ್ ಪಕ್ಕವೇ ಕೂತಿರುತ್ತಾಳೆ. ಒಂದು ದಿನ ಹತ್ತಿರ ಬಂದು ನಿಂತಳು.

"ಆಂಟಿ, ಚುಕ್ಕಿ ಓಡುವಾಗ ಹಿಂದಿನ ಎರಡೂ ಕಾಲು ಒಟ್ಟಿಗೆ ಇಡ್ತಾಳೆ. ಮೊಲದ ತರ. ಮೊದಲು ಹಾಗೆ ಇರಲಿಲ್ಲ."

"ಎಷ್ಟು ದಿನದಿಂದ?"

"ತುಂಬಾ ದಿನ ಆಯ್ತು. ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ."

ಡಾಕ್ಟರು ಚುಕ್ಕಿಯ ಸೊಂಟದ ಮೇಲಿನ ಬೆನ್ನನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿದರು. ಅವಳು ಕಿರುಚಲಿಲ್ಲ. ತಲೆ ತಿರುಗಿಸಿ ಆ ಕೈಯನ್ನು ನೋಡಿದಳು, ಅಷ್ಟೇ. ಎಕ್ಸ್‌ರೇಯಲ್ಲಿ ಬೆನ್ನುಮೂಳೆಯ ಕೀಲುಗಳು ಸವೆದಿದ್ದು ಕಂಡಿತು. ನೋವು ಯಾವಾಗಿನಿಂದ ಅಂತ ಕೇಳಿದರು. ನಾನು ಬಿದ್ದ ಕೋಲುಗಳನ್ನು ಮನಸ್ಸಿನಲ್ಲೇ ಎಣಿಸುತ್ತಿದ್ದೆ.

ಆ ರಾತ್ರಿ ಫೋನಿನಲ್ಲಿದ್ದ ಹಳೆಯ ವಿಡಿಯೊಗಳನ್ನೆಲ್ಲ ನೋಡಿದೆ. ಯಾವ ವಿಡಿಯೊದಲ್ಲಿ ನಾನು ನನ್ನ ಭುಜ ನೋಡಿಕೊಂಡು ಸಮಾಧಾನಪಟ್ಟಿದ್ದೆನೋ ಅದರಲ್ಲೇ ಇತ್ತು. ನೆಗೆಯುವ ಮುಂಚೆ ಅವಳು ಒಂದು ಹೆಜ್ಜೆ ಜಾಸ್ತಿ ಹಾಕುತ್ತಿದ್ದಳು. ಪುಟ್ಟ ಹೆಜ್ಜೆ. ಇನ್ನೂ ಹಿಂದೆ ಹೋದೆ. ಅಲ್ಲೂ ಇತ್ತು. ಮೊದಲ ಕೋಲು ಬೀಳುವುದಕ್ಕೆ ಏಳು ತಿಂಗಳ ಹಿಂದಿನ ವಿಡಿಯೊದಲ್ಲಿ, ಒಂದೂ ಫಾಲ್ಟ್ ಇಲ್ಲದೆ ನಾವು ಗೆದ್ದ ಓಟದಲ್ಲಿ, ಕೊನೆಯ ಹರ್ಡಲ್ ಮುಂದೆ, ಆ ಪುಟ್ಟ ಹೆಜ್ಜೆ ಇತ್ತು. ಆ ವಿಡಿಯೊ ನಾನು ಎಷ್ಟು ಜನರಿಗೆ ತೋರಿಸಿದ್ದೆನೋ.

ಈಗ ಚುಕ್ಕಿಗೆ ಹನ್ನೊಂದು. ಔಷಧಿ ಇದೆ, ಬೆಳಿಗ್ಗೆ ಮೈ ಬೆಚ್ಚಗಾಗುವವರೆಗೆ ನಿಧಾನ ನಡಿಗೆ ಇದೆ. ಎ-ಫ್ರೇಮ್ ಇಲ್ಲ, ಕಂಬ ಇಲ್ಲ, ಸೀಸಾ ಇಲ್ಲ. ನೇರವಾಗಿ ಎಳೆದ ಒಂದು ಟನಲ್, ನೆಲದ ಮೇಲಿಟ್ಟ ನಾಲ್ಕು ಕೋಲು. ಮೈದಾನಕ್ಕೆ ಕರೆದುಕೊಂಡು ಹೋಗದಿದ್ದರೆ ಮನೆಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ಮಲಗುತ್ತಾಳೆ, ಅದಕ್ಕೆ ಕರೆದುಕೊಂಡು ಹೋಗುತ್ತೇನೆ. ಓಟದ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ಕೋಲು ಎತ್ತಿಡುವವರ ಪಟ್ಟಿಯಲ್ಲಿದೆ. ಆ ಹುಡುಗಿ ಈಗ ತನ್ನ ನಾಯಿ ಓಡಿಸುತ್ತಾಳೆ, ಅವಳ ಕುರ್ಚಿ ನನಗೆ ಬಂದಿದೆ. ಹರ್ಡಲ್ ಪಕ್ಕ ಕೂತರೆ ಎಷ್ಟೊಂದು ಕಾಣುತ್ತದೆ.

ಕಳೆದ ಭಾನುವಾರ ಹೊಸ ಹುಡುಗನೊಬ್ಬ ಓಡುತ್ತಿದ್ದ. ನಾಲ್ಕನೇ ಹರ್ಡಲ್‌ನಲ್ಲಿ ಟಕ್ ಅಂತು. ಅವನು ನಿಂತುಬಿಟ್ಟ. "ಛೇ, ಇದಕ್ಕೆ ಎಷ್ಟು ಹೇಳಿದ್ರೂ ಅಷ್ಟೇ" ಅಂದ. ಅವನ ನಾಯಿ ಟನಲ್ ಬಾಯಲ್ಲಿ ನಿಂತು ಮುಂದೇನು ಅಂತ ಅವನ ಕಾಲು ನೋಡುತ್ತಿತ್ತು. ನಾನು ಕುರ್ಚಿಯಿಂದ ಎದ್ದೆ. ಕಾಲಬುಡದಲ್ಲಿ ಮಲಗಿದ್ದ ಚುಕ್ಕಿಯೂ ಎದ್ದಳು. ಮುಂಗಾಲು ಚಾಚಿ ಮೈ ಮುರಿದಳು. ನನಗಿಂತ ಮುಂಚೆ ಹೋಗಿ, ಹುಲ್ಲಿನ ಮೇಲೆ ಬಿದ್ದಿದ್ದ ಆ ಕೋಲನ್ನು ಒಂದೊಂದೇ ಕಾಲೆತ್ತಿ ಜೋಪಾನವಾಗಿ ದಾಟಿದಳು. ಆಚೆ ನಿಂತು, ಬಾಲ ಆಡಿಸುತ್ತಾ, ನನ್ನ ಜೇಬು ನೋಡಿದಳು.